ಪಿಯುಸಿಗೆ ಸೈಕಾಲಜಿ: ತಗೊಳ್ಳಬೇಕಾ, ಬೇಡವಾ?

ಪರ: ಕನ್ನಡಿ ನೋಡಿ ಬರೆದ ನಕ್ಷತ್ರ

ನಮ್ಮ ಕಾಲೇಜಿನ ಸೈಕಾಲಜಿ ಲ್ಯಾಬಿನಲ್ಲಿ ಒಂದು ಮರದ ಹಲಗೆ ಇದೆ. ಅದರ ಮೇಲೆ ಜೋಡಿ ಗೆರೆಯ ನಕ್ಷತ್ರ ಅಚ್ಚಾದ ಕಾಗದ. ಎದುರಿಗೆ ಕನ್ನಡಿ. ಕೈ ಕಾಣದ ಹಾಗೆ ಅಡ್ಡ ಒಂದು ತಗಡು. ಕನ್ನಡಿ ನೋಡಿಕೊಂಡೇ ಎರಡು ಗೆರೆಗಳ ನಡುವೆ ಪೆನ್ಸಿಲ್ ಓಡಿಸಬೇಕು. ಕೇಳಿದರೆ ಮಕ್ಕಳಾಟ. ಕೂತಾಗ ಗೊತ್ತಾಗುತ್ತದೆ! ಮೇಲೆ ಹೋಗು ಅಂದರೆ ಕೈ ಕೆಳಗೆ ಬರುತ್ತದೆ. ಮೂಲೆ ಬಂದರೆ ಅಲ್ಲೇ ಗೀಚುತ್ತಾ ನಿಂತುಬಿಡುತ್ತದೆ.

ಎಸ್ಸೆಸ್ಸೆಲ್ಸಿ ಗಣಿತವನ್ನು ಎರಡು ಸಲ ಕಟ್ಟಿ ಪಾಸಾದ ಹುಡುಗನೊಬ್ಬ ಇದಕ್ಕೆ ಕೂತಿದ್ದ. ಶುರುವಿಗೆ ಎಡಗೈಯಲ್ಲಿ ಒಂದು ಸಲ ಬರೆಸಿದೆ. ಕಾಗದ ಪೂರ್ತಿ ಗೀಚು. ಆಮೇಲೆ ಬಲಗೈಯಲ್ಲಿ ಹತ್ತು ಸಲ. ಪಕ್ಕದ ಹುಡುಗಿ ಸ್ಟಾಪ್‌ವಾಚ್ ಹಿಡಿದು ತಪ್ಪು ಎಣಿಸುತ್ತಿದ್ದಳು. ಮೊದಲ ಸಲ 31, ಹತ್ತನೇ ಸಲ 6. ಕೊನೆಗೆ ಮತ್ತೆ ಎಡಗೈ. ಅಭ್ಯಾಸ ಆಗಿದ್ದೆಲ್ಲ ಬಲಗೈಗೆ, ಸುಧಾರಿಸಿದ್ದು ಎಡಗೈ ಕೂಡ. ‘ಸಾರ್, ಇದ್ಯಾಕೆ ಹಿಂಗೆ?’ ಅಂದ. ಆ ವರ್ಷ ಅವನು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ‘ನಂಗೆ ತಲೆಗೆ ಹತ್ತಲ್ಲ ಸಾರ್’ ಅನ್ನುತ್ತಿದ್ದವನು ತಾನು ಕಲಿತದ್ದರ ಗ್ರಾಫನ್ನು ತಾನೇ ಬರೆದ.

ಬೇರೆ ಯಾವ ಸಬ್ಜೆಕ್ಟಿನಲ್ಲಿ ಹುಡುಗರು ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಳ್ಳುತ್ತಾರೆ, ಹೇಳಿ? ಜರ್ಮನಿಯ ಸೈಕಾಲಜಿಸ್ಟ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗಳನ್ನು ಉರು ಹೊಡೆದು, ಎಷ್ಟು ಬೇಗ ಮರೆಯುತ್ತೇನೆ ಅಂತ ತನ್ನನ್ನೇ ಅಳೆದುಕೊಂಡ. 1885ರಲ್ಲಿ ಅದನ್ನು ಪ್ರಕಟಿಸಿದ. ಹಿಂದಿನ ರಾತ್ರಿ ಕೂತು ಪೂರ್ತಿ ಓದೋದಕ್ಕಿಂತ ನಾಲ್ಕು ದಿನ ಬಿಟ್ಟು ಬಿಟ್ಟು ತಿರುವಿ ಹಾಕೋದು ಯಾಕೆ ಮೇಲು ಅಂತ ಈ ಪಾಠದಿಂದ ಹೇಳಿದರೆ ಹುಡುಗರು ನಂಬುತ್ತಾರೆ. ಅಪ್ಪ ಹೇಳಿದರೆ ನಂಬಲ್ಲ.

ಇದು ಹೊರಗಿನಿಂದ ಬಂದ ಹೊಸ ಶೋಕಿ ಅನ್ನುವವರಿಗೆ ಒಂದು ಮಾತು. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಿಂದಲೇ ಸೈಕಾಲಜಿ ವಿಭಾಗ ಇದೆ. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿ ಅವರೇ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ‘ಆಕಾಶವಾಣಿ’ ಅನ್ನುವ ರೇಡಿಯೊ ಕೇಂದ್ರ ಶುರು ಮಾಡಿದವರು. ರೇಡಿಯೊ ಕಟ್ಟಿದ್ದು ಸೈಕಾಲಜಿ ಮೇಷ್ಟ್ರು ಅಂದರೆ ಪ್ರತಿ ವರ್ಷ ಕ್ಲಾಸು ನಗುತ್ತದೆ.

ಇನ್ನು, ಇದನ್ನು ಓದಿದರೆ ಕೆಲಸ ಸಿಗುತ್ತಾ ಅನ್ನುವ ಪ್ರಶ್ನೆ. ಇತಿಹಾಸ ಓದಿದವರೆಲ್ಲ ಇತಿಹಾಸಕಾರರಾಗುತ್ತಾರಾ? ಊರಲ್ಲಿ ಯಾರಿಗೋ ನಿದ್ದೆ ಬರದೆ, ಊಟ ಸೇರದೆ ಇದ್ದರೆ ‘ಗಾಳಿ ಸೋಕಿದೆ’ ಅಂತ ತಾಯತ ಕಟ್ಟಿಸುವ ಮನೆಯಲ್ಲಿ, ‘ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಒಂದು ಫೋನ್ ಮಾಡೋಣ’ ಅನ್ನುವ ಹುಡುಗಿ ಒಬ್ಬಳಿದ್ದರೂ ನನಗೆ ಸಾಕು.

ವಿರೋಧ: ಪೆನ್ಸಿಲ್ ಟಿಕ್

ಆ ಮೇಷ್ಟ್ರ ಲ್ಯಾಬಿನಲ್ಲಿ ಕೂತಿದ್ದರೆ ನಾನೂ ಅವರ ಕಡೆಯೇ ಇರುತ್ತಿದ್ದೆ. ನಾನು ಓದಿದ ಕಾಲೇಜಿನಲ್ಲಿ ಆ ಕನ್ನಡಿ ಹಲಗೆ ಬೀರುವಿನೊಳಗಿತ್ತು. ಬೀರುವಿಗೆ ಬೀಗ ಇತ್ತು. ನಾವು ಸೀನಿಯರ್ ರೆಕಾರ್ಡ್ ಇಸ್ಕೊಂಡು, ಒಂದೆರಡು ಅಂಕಿ ತಿದ್ದಿ ಬರೆದೆವು. ಇಡೀ ಕ್ಲಾಸಿನ ತಪ್ಪುಗಳು ಎಷ್ಟು ಶಿಸ್ತಾಗಿ ಕಡಿಮೆಯಾಗಿದ್ದವು ಅಂತೀರಿ! ಅಳತೆ ಇಲ್ಲದ ಸೈಕಾಲಜಿ ಬರೀ ಹೆಸರುಗಳ ಪಟ್ಟಿ. ಉರು ಹೊಡೆದರೆ ನಂಬರ್ ಬರುತ್ತೆ, ಅಷ್ಟೇ.

ಎಂಎ ಮುಗಿಸಿ ಈಗ ಕಾಲೇಜೊಂದರಲ್ಲಿ ಕೌನ್ಸೆಲರ್ ಆಗಿದ್ದೇನೆ. ಹೋದ ವರ್ಷ ಸೆಕೆಂಡ್ ಪಿಯು ಹುಡುಗಿಯೊಬ್ಬಳು ಪಠ್ಯಪುಸ್ತಕ ಹಿಡಿದೇ ಬಂದಳು. ಖಿನ್ನತೆಯ ಲಕ್ಷಣಗಳಿದ್ದ ಪುಟದಲ್ಲಿ ಒಂದೊಂದರ ಪಕ್ಕಕ್ಕೂ ಪೆನ್ಸಿಲಿನಲ್ಲಿ ಟಿಕ್ ಹಾಕಿದ್ದಳು. ‘ಮ್ಯಾಮ್, ನಂಗೆ ಡಿಪ್ರೆಶನ್. ಅಪ್ಪಂಗೆ ಪರ್ಸನಾಲಿಟಿ ಡಿಸಾರ್ಡರ್.’ ಅಪ್ಪನ ಪಾಲಿನ ಟಿಕ್ಕುಗಳು ಇನ್ನೊಂದು ಪುಟದಲ್ಲಿದ್ದವು. ಹಗುರ ಮಾಡುತ್ತಿಲ್ಲ, ಆ ಮಗುವಿಗೆ ನಿಜಕ್ಕೂ ಕಷ್ಟವಿತ್ತು. ಆದರೆ ಅವಳ ಬಾಯಲ್ಲಿ ಪುಸ್ತಕದ ಮಾತು ಮಾತ್ರ ಬರುತ್ತಿತ್ತು. ‘ಮನೆಯಲ್ಲಿ ಏನಾಯ್ತಮ್ಮ?’ ಅಂದರೆ ಬೆರಳು ಪುಟದ ಮೇಲೆ. ಅಪ್ಪ ಸಾಲಕ್ಕೆ ಸಿಕ್ಕಿ ಆಟೊ ಮಾರಿದ್ದು, ಆಮೇಲೆ ಮನೆಯಲ್ಲಿ ಯಾರೂ ಮಾತೇ ಆಡದೆ ಉಳಿದದ್ದು ಹೊರಗೆ ಬರಲು ಮೂರು ವಾರ ಹಿಡಿಯಿತು. ಹದಿನೇಳರ ವಯಸ್ಸಿನಲ್ಲಿ ರೋಗದ ಹೆಸರು ಬೇಗ ಅಂಟುತ್ತದೆ.

ಕೆಲಸದ ಮಾತನ್ನು ಮೇಷ್ಟ್ರು ಸುಲಭವಾಗಿ ದಾಟಿಬಿಟ್ಟರು. ನನ್ನ ಹತ್ತಿರ ಬರುವ ತಂದೆ ತಾಯಿಯರು ದಾಟಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಅದಕ್ಕೆ ಬೇಕಾದ ತರಬೇತಿಯ ಸೀಟುಗಳು ಕಡಿಮೆ. ಬಿಎ ಸೈಕಾಲಜಿಗೆ ಪಿಯುನಲ್ಲಿ ಅದನ್ನು ಓದಿರಬೇಕು ಅಂತೇನಿಲ್ಲ. ಓದಿದ್ದರೂ ಮತ್ತೆ 1879ರಲ್ಲಿ ವುಂಟ್ ಜರ್ಮನಿಯ ಲೈಪ್‌ಜಿಗ್‌ನಲ್ಲಿ ತೆರೆದ ಮೊದಲ ಸೈಕಾಲಜಿ ಲ್ಯಾಬಿನಿಂದಲೇ ಶುರು. ನಾನು ಎರಡು ಸಲ ಓದಿದೆ. ಪಿಯುನ ಆ ಎರಡು ವರ್ಷ ಸ್ಟ್ಯಾಟಿಸ್ಟಿಕ್ಸ್ ಕಲಿತಿದ್ದರೆ ಎಂಎನಲ್ಲಿ ಅಷ್ಟು ಅಳುತ್ತಿರಲಿಲ್ಲ.

ನನ್ನ ಕೋಣೆಗೆ ಬರುವವರಲ್ಲಿ ಸೈನ್ಸ್ ಮಕ್ಕಳೇ ಜಾಸ್ತಿ. ಬೆಳಗ್ಗೆ ಕಾಲೇಜು, ಸಂಜೆ ನೀಟ್ ಕೋಚಿಂಗ್, ರಾತ್ರಿ ನಿದ್ದೆ ಇಲ್ಲ. ಪಿಸಿಎಂಬಿ ತಗೊಂಡವರಿಗೆ ಸೈಕಾಲಜಿಗೆ ಜಾಗವೇ ಇಲ್ಲ. ಮೇಷ್ಟ್ರು ಹೇಳುವ ಆ ಮರೆವಿನ ಪಾಠ ಇವರಿಗೂ ಬೇಕು ಅಲ್ವಾ? ಆರ್ಟ್ಸಿನ ಕೆಲವರಿಗೆ ಪರೀಕ್ಷೆ, ರೆಕಾರ್ಡ್ ಅಂತ ಇಡೋ ಬದಲು, ಎಲ್ಲರಿಗೂ ವಾರಕ್ಕೊಂದು ಪೀರಿಯಡ್ ಕೊಡಲಿ, ಮಾರ್ಕ್ಸ್ ಇಲ್ಲದೆ. ಆ ಕನ್ನಡಿ ಹಲಗೆಯನ್ನೂ ಬೀರುವಿನಿಂದ ತೆಗೆದು ಅಲ್ಲಿಗೇ ತರಲಿ.