ದೂರದ ಸವಾರಿ, ಹವ್ಯಾಸಿ ರೇಸು ಮತ್ತು ಶಕ್ತಿಯ ಉಳಿತಾಯ

200, 300, 400 ಮತ್ತು 600 ಕಿಲೋಮೀಟರ್‌ಗಳ ನಾಲ್ಕು ಬ್ರೆವೆಗಳನ್ನು, ಅಂದರೆ ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿಗಳನ್ನು, ಒಂದೇ ವರ್ಷದಲ್ಲಿ ಮುಗಿಸಿ ‘ಸೂಪರ್ ರಾಂಡೊನರ್’ ಎನಿಸಿಕೊಂಡ ಕೆಲವೇ ತಿಂಗಳಲ್ಲಿ ನಾನು 40 ಕಿಲೋಮೀಟರ್‌ನ ಒಂದು ಹವ್ಯಾಸಿ ರೇಸಿಗೆ ಹೆಸರು ಕೊಟ್ಟೆ. ರಾತ್ರಿಯಿಡೀ ಪೆಡಲ್ ತುಳಿದು ಬಂದವನಿಗೆ ಒಂದು ಗಂಟೆಯ ರೇಸು ಯಾವ ಲೆಕ್ಕ ಎಂಬ ಧೈರ್ಯ ನನಗಿತ್ತು. ಮೂರನೆಯ ಸುತ್ತಿನ ಒಂದು ತಿರುವಿನಲ್ಲಿ ಮುಂದಿನವರ ಹಿಂದಿನ ಚಕ್ರಕ್ಕೂ ನನ್ನ ಮುಂದಿನ ಚಕ್ರಕ್ಕೂ ನಡುವೆ ಎರಡು ಸೈಕಲ್‌ಗಳಷ್ಟು ಅಂತರ ಬಿತ್ತು. ಅದನ್ನು ಮುಚ್ಚಲು ಇದ್ದ ಬಲವನ್ನೆಲ್ಲ ಹಾಕಿ ತುಳಿದೆ. ಅಂತರ ನಾಲ್ಕು ಸೈಕಲ್‌ಗಳಷ್ಟಾಯಿತು, ಮುಂದಿನ ತಿರುವಿನ ಹೊತ್ತಿಗೆ ಗುಂಪು ಕಣ್ಣಿಗೆ ಮರೆಯಾಗಿತ್ತು. ಉಳಿದ ಸುತ್ತುಗಳನ್ನು ಎದುರುಗಾಳಿಯಲ್ಲಿ ಒಬ್ಬನೇ ಮುಗಿಸಿದೆ.

‘ದೂರದ ಸವಾರಿಯಿಂದ ಶುರು ಮಾಡಲೇ, ರೇಸಿನಿಂದ ಶುರು ಮಾಡಲೇ’ ಎಂದು ಹೊಸಬರು ಕೇಳಿದಾಗಲೆಲ್ಲ ನನಗೆ ಆ ಎರಡು ಸೈಕಲ್‌ಗಳ ಅಂತರ ನೆನಪಾಗುತ್ತದೆ. ದೂರ ಹೋಗಬಲ್ಲವನಿಗೆ ರೇಸು ತಾನಾಗಿಯೇ ಬರುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ರೇಸಿನಲ್ಲಿ ಗೆಲ್ಲುವವನಿಗೆ 600 ಕಿಲೋಮೀಟರ್ ದೊಡ್ಡದಲ್ಲ ಎಂಬುದನ್ನೂ ಒಪ್ಪುವುದಿಲ್ಲ. ಆದರೆ ಎರಡಕ್ಕೂ ತಳಪಾಯವಾದ ವಿದ್ಯೆ ಒಂದೇ, ಅದು ಉಳಿತಾಯ. ಬ್ರೆವೆಯಲ್ಲಿ ಹೊತ್ತನ್ನೂ ಹೊಟ್ಟೆಯನ್ನೂ ಕಾಯ್ದುಕೊಳ್ಳಬೇಕು, ರೇಸಿನಲ್ಲಿ ಗಾಳಿಯಿಂದ ಮೈಯನ್ನು ಕಾಯ್ದುಕೊಳ್ಳಬೇಕು. ಹೊಸಬರಿಗೆ ಕಾಲಿನ ಬಲ ಹೆಚ್ಚಿಸಿಕೊಳ್ಳುವುದು ಹೇಗೆ ಎಂದು ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಇರುವ ಬಲವನ್ನು ಪೋಲು ಮಾಡದಿರುವುದು ಹೇಗೆ ಎಂದು ಹೇಳುವವರು ಕಡಿಮೆ.

ಇವೆರಡೂ ಒಂದೇ ಬೇರಿನಿಂದ ಬಂದವು ಎಂಬುದನ್ನು ಮೊದಲು ಹೇಳಬೇಕು. 1891ರಲ್ಲಿ ಮೊದಲ ಬಾರಿ ನಡೆದ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಅಪ್ಪಟ ರೇಸಾಗಿತ್ತು. ಸುಮಾರು 1200 ಕಿಲೋಮೀಟರ್ ದೂರವನ್ನು ಶಾರ್ಲ್ ತೆರೋಂ 72 ಗಂಟೆಗೂ ಕಡಿಮೆ ಸಮಯದಲ್ಲಿ, ಹೆಚ್ಚುಕಡಿಮೆ ನಿದ್ದೆಯೇ ಇಲ್ಲದೆ ಮುಗಿಸಿ ಗೆದ್ದರು. 1897ರಲ್ಲಿ ಇಟಲಿಯ ಕೆಲವು ಸವಾರರು ರೋಮಿನಿಂದ ನೇಪಲ್ಸ್‌ವರೆಗಿನ ಸುಮಾರು 230 ಕಿಲೋಮೀಟರ್ ದಾರಿಯನ್ನು ಸೂರ್ಯ ಹುಟ್ಟಿ ಮುಳುಗುವುದರೊಳಗೆ ಕ್ರಮಿಸಿದಾಗ ಅವರನ್ನು ‘ಆಡಾಕ್ಸ್’, ಅಂದರೆ ಲ್ಯಾಟಿನ್ ಭಾಷೆಯಲ್ಲಿ ‘ಎದೆಗಾರರು’, ಎಂದು ಕರೆದರು. ಆ ಹೆಸರನ್ನೇ ಹೊತ್ತ ಆಡಾಕ್ಸ್ ಕ್ಲಬ್ ಪ್ಯಾರಿಸಿಯನ್ 1904ರಲ್ಲಿ ಹುಟ್ಟಿತು. ಇಂದು ಜಗತ್ತಿನಾದ್ಯಂತ ನಡೆಯುವ ಬ್ರೆವೆಗಳು ಅದೇ ಕ್ಲಬ್ಬಿನ ನಿಯಮಗಳಂತೆ ನಡೆಯುತ್ತವೆ. ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಕೂಡ ಈಗ ನಾಲ್ಕು ವರ್ಷಕ್ಕೊಮ್ಮೆ ಹವ್ಯಾಸಿಗಳಿಗಾಗಿ ನಡೆಯುತ್ತದೆ. ಗರಿಷ್ಠ ಗಡುವು 90 ಗಂಟೆ. ಬ್ರೆವೆಯಲ್ಲಿ ಮೊದಲ ಸ್ಥಾನ, ಕೊನೆಯ ಸ್ಥಾನ ಎಂಬುದಿಲ್ಲ. 200 ಕಿಲೋಮೀಟರ್‌ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆ ಎಂಬ ಗಡುವಿನೊಳಗೆ ಬಂದವರೆಲ್ಲರೂ ಸಮಾನರು. ನಡುವೆ ಇರುವ ‘ಕಂಟ್ರೋಲ್’ ಎಂಬ ತಪಾಸಣೆಯ ತಾಣಗಳಲ್ಲಿ ಕಾರ್ಡಿಗೆ ಮುದ್ರೆ ಒತ್ತಿಸಿಕೊಳ್ಳಬೇಕು, ಕತ್ತಲಾದ ಮೇಲೆ ಮುಂದೆ ಹಿಂದೆ ದೀಪ ಉರಿಯುತ್ತಿರಬೇಕು, ಮೈಮೇಲೆ ಬೆಳಕನ್ನು ಪ್ರತಿಫಲಿಸುವ ಅಂಗಿ ಇರಬೇಕು, ದಾರಿಯಲ್ಲಿ ಸೈಕಲ್ ಕೆಟ್ಟರೆ ತಾನೇ ಸರಿಪಡಿಸಿಕೊಳ್ಳಬೇಕು.

ಗಡುವನ್ನು ನೋಡಿದರೆ ಗಂಟೆಗೆ ಸರಾಸರಿ 15 ಕಿಲೋಮೀಟರ್ ಸಾಕು ಎನ್ನಿಸುತ್ತದೆ, ಹೊಸಬರು ಮೋಸ ಹೋಗುವುದೂ ಇಲ್ಲೇ. ನನ್ನ ಮೊದಲ 200ರಲ್ಲಿ ಮೊದಲ 80 ಕಿಲೋಮೀಟರ್‌ಗಳನ್ನು ನನಗಿಂತ ಬಲಶಾಲಿಗಳಾದ ನಾಲ್ವರ ಬೆನ್ನಿಗೆ ಬಿದ್ದು ಓಡಿಸಿದೆ. ಹಸಿವಾಗಲಿಲ್ಲ, ಆದ್ದರಿಂದ ತಿನ್ನಲಿಲ್ಲ. 140ನೆಯ ಕಿಲೋಮೀಟರ್ ಹತ್ತಿರ, ಯಾವ ಏರೂ ಇಲ್ಲದ ಸಮತಟ್ಟಾದ ರಸ್ತೆಯಲ್ಲಿ, ಸೈಕಲ್ಲಿಗೆ ಯಾರೋ ಹಗ್ಗ ಕಟ್ಟಿ ಹಿಂದಕ್ಕೆ ಎಳೆಯುತ್ತಿದ್ದಾರೆ ಎಂಬಂತಾಯಿತು. ಟೈರಿನ ಗಾಳಿ ಹೋಗಿದೆಯೇ ಎಂದು ಎರಡು ಸಲ ಇಳಿದು ಒತ್ತಿ ನೋಡಿದೆ, ಟೈರು ಕಲ್ಲಿನಂತಿತ್ತು. ಜೇಬಿನಿಂದ ಬಿಸ್ಕತ್ತಿನ ಪೊಟ್ಟಣ ತೆಗೆದರೆ ಬೆರಳುಗಳು ನಡುಗುತ್ತಿದ್ದವು, ಹರಿಯಲು ಆಗದೆ ಹಲ್ಲಿನಿಂದ ಕಚ್ಚಿ ಬಿಚ್ಚಬೇಕಾಯಿತು. ದಾರಿಯ ತಿರುವುಗಳನ್ನು ಬರೆದುಕೊಂಡಿದ್ದ ಚೀಟಿಯ ಒಂದೇ ಸಾಲನ್ನು ಮೂರು ಬಾರಿ ಓದಿದರೂ ಎಡಕ್ಕೋ ಬಲಕ್ಕೋ ಎಂಬುದು ತಲೆಗೆ ಹತ್ತಲಿಲ್ಲ. ಆಗ ಹಿಂದಿನಿಂದ ಬಂದ ಹಿರಿಯ ಸವಾರರೊಬ್ಬರು ವೇಗ ತಗ್ಗಿಸಿ, ನನ್ನ ಮುಖ ನೋಡಿದವರೇ, “ಮಾತಾಡಬೇಡಿ, ಮೊದಲು ತಿನ್ನಿ. ಆಮೇಲೆ ನನ್ನ ಹಿಂದೆ ಬನ್ನಿ” ಎಂದರು. ಬೆಳಿಗ್ಗೆ ನಾವು ಅವರನ್ನು ಹತ್ತೇ ನಿಮಿಷದಲ್ಲಿ ಹಿಂದೆ ಹಾಕಿ ಬಂದಿದ್ದೆವು. ಅವರು ಬೆಳಗಿನಿಂದ ಆ ಹೊತ್ತಿನವರೆಗೂ ಒಂದೇ ಲಯದಲ್ಲಿ ತುಳಿದುಕೊಂಡು ಬಂದಿದ್ದರು.

ಸವಾರರು ‘ಬಾಂಕ್’ ಎಂದು ಕರೆಯುವ ಈ ಸ್ಥಿತಿಗೆ ಕಾರಣ ಸರಳವಾದುದು. ನಮ್ಮ ಸ್ನಾಯುಗಳಲ್ಲೂ ಯಕೃತ್ತಿನಲ್ಲೂ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಸಕ್ಕರೆಯಿಂದ ಸಿಗುವುದು ಹೆಚ್ಚುಕಡಿಮೆ 2000 ಕ್ಯಾಲೊರಿ. ಕೊಬ್ಬು ಎಷ್ಟಿದ್ದರೂ ಅದು ನಿಧಾನವಾಗಿ ಕರಗುತ್ತದೆ. ವೇಗ ಹೆಚ್ಚಿದಷ್ಟೂ ದೇಹ ಸಕ್ಕರೆಯನ್ನೇ ಬೇಡುತ್ತದೆ. ಆ ದಾಸ್ತಾನು ಬರಿದಾದ ಮೇಲೆ ತಿಂದರೆ ಚೇತರಿಸಿಕೊಳ್ಳಲು ಬಹಳ ಹೊತ್ತು ಬೇಕು. ಆದ್ದರಿಂದ ಹೊರಟ ಅರ್ಧ ಗಂಟೆಯಿಂದಲೇ, ಹಸಿವಿಗೆ ಕಾಯದೆ, ಗಡಿಯಾರ ನೋಡಿ ತಿನ್ನಬೇಕು. ಗಂಟೆಗೆ 60 ಗ್ರಾಂ ಕಾರ್ಬೊಹೈಡ್ರೇಟ್ ಒಳ್ಳೆಯ ಆರಂಭ. ಹೊಟ್ಟೆಯನ್ನು ಪಳಗಿಸಿಕೊಂಡವರು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎರಡನ್ನೂ ಬೆರೆಸಿ 90 ಗ್ರಾಂವರೆಗೂ ಅರಗಿಸಿಕೊಳ್ಳುತ್ತಾರೆ. ಹೊಟ್ಟೆಗೂ ಅಭ್ಯಾಸ ಬೇಕು ಎಂಬುದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಬ್ರೆವೆಯ ದಿನವೇ ಹೊಸ ತಿನಿಸನ್ನು ಪ್ರಯೋಗಿಸಿ ರಸ್ತೆಯ ಪಕ್ಕದಲ್ಲಿ ವಾಂತಿ ಮಾಡಿಕೊಂಡ ಗೆಳೆಯರನ್ನು ಕಂಡಿದ್ದೇನೆ. ನೀರಿನ ಜೊತೆ ಉಪ್ಪೂ ಹೋಗಬೇಕು. ದಿನವಿಡೀ ಬರೀ ನೀರನ್ನೇ ಮಿತಿಮೀರಿ ಕುಡಿದರೆ ರಕ್ತದಲ್ಲಿ ಸೋಡಿಯಂ ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು.

ಇನ್ನು ಹೊತ್ತಿನ ಲೆಕ್ಕ. 600 ಕಿಲೋಮೀಟರ್‌ಗಳನ್ನು ಗಂಟೆಗೆ 25ರ ವೇಗದಲ್ಲಿ ತುಳಿಯುವವರು 24 ಗಂಟೆ ಸೀಟಿನ ಮೇಲಿರುತ್ತಾರೆ. ಅಲ್ಲಲ್ಲಿ ನಿಂತು ಒಟ್ಟು 8 ಗಂಟೆ ಕಳೆದರೆ 32 ಗಂಟೆಗೆ ಬರುತ್ತಾರೆ. ಗಂಟೆಗೆ 22ರಂತೆ ಬರುವವರು ಸೀಟಿನ ಮೇಲೆ ಇಪ್ಪತ್ತೇಳೂಕಾಲು ಗಂಟೆಯನ್ನೇ ಕಳೆದರೂ, ನಿಲ್ಲುವುದನ್ನು 4 ಗಂಟೆಗೆ ಮಿತಗೊಳಿಸಿದರೆ ಅವರಿಗಿಂತ ಮುಕ್ಕಾಲು ಗಂಟೆ ಮೊದಲೇ ತಲುಪುತ್ತಾರೆ. ಗಂಟೆಗೆ ಮೂರು ಕಿಲೋಮೀಟರ್ ವೇಗ ಹೆಚ್ಚಿಸಿಕೊಳ್ಳಲು ಒಂದು ವರ್ಷ ಹಿಡಿಯಬಹುದು. ಕಂಟ್ರೋಲಿಗೆ ಬಂದ ಕೂಡಲೇ ಕಾರ್ಡು, ನೀರು, ತಿಂಡಿ, ಶೌಚ ಎಂಬ ಕ್ರಮವನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಂಡು ಹತ್ತು ನಿಮಿಷದಲ್ಲಿ ಹೊರಡುವುದನ್ನು ಒಂದು ವಾರದಲ್ಲಿ ಕಲಿಯಬಹುದು. ಹಾಗೆಂದು ನಿದ್ದೆಯಲ್ಲಿ ಉಳಿತಾಯ ಮಾಡಲು ಹೋಗಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಕಣ್ಣು ಎಳೆಯತೊಡಗಿದರೆ ಸುರಕ್ಷಿತವಾದ ಜಾಗದಲ್ಲಿ ಅಲಾರಂ ಇಟ್ಟು ಕಾಲು ಗಂಟೆ ಮಲಗಿ. ತೂಕಡಿಸುತ್ತಾ ಮುಂದೆ ಹೋಗುವುದು ಸಾಹಸವಲ್ಲ, ಅದು ಸಾವಿನೊಡನೆ ಸರಸ.

ದೂರದ ಸವಾರಿಯಲ್ಲಿ ಕಾಲಿಗಿಂತ ಮೊದಲು ಸೋಲುವುದು ಕೈ, ಕತ್ತು ಮತ್ತು ಕುಳಿತುಕೊಳ್ಳುವ ಭಾಗ. ಅಂಗೈ ಬುಡದಲ್ಲಿ ಹಾದುಹೋಗುವ ನರ ಹ್ಯಾಂಡಲ್ಲಿನ ಒತ್ತಡಕ್ಕೆ ಸಿಕ್ಕು ಕಿರುಬೆರಳು, ಉಂಗುರ ಬೆರಳು ಮರಗಟ್ಟುತ್ತವೆ. 1982ರಲ್ಲಿ ನಾಲ್ವರೇ ಸವಾರರಿಂದ ಆರಂಭವಾದ, ಅಮೆರಿಕವನ್ನು ಒಂದು ಕರಾವಳಿಯಿಂದ ಇನ್ನೊಂದಕ್ಕೆ ದಾಟುವ ರೇಸಿನಲ್ಲಂತೂ ತಲೆಯನ್ನು ಎತ್ತಿ ಹಿಡಿಯಲಾಗದಷ್ಟು ಕತ್ತಿನ ಸ್ನಾಯುಗಳು ಸೋತುಹೋಗುವ ಸ್ಥಿತಿಗೆ ಆ ನಾಲ್ವರಲ್ಲಿ ಒಬ್ಬರಾದ ಮೈಕೆಲ್ ಶೆರ್ಮರ್ ಅವರ ಹೆಸರೇ ಅಂಟಿಕೊಂಡಿದೆ. ಆದ್ದರಿಂದ ಹಗುರವಾದ ಸೈಕಲ್ಲಿಗೆ ಹಣ ಸುರಿಯುವ ಮೊದಲು ಇರುವ ಸೈಕಲ್ಲನ್ನು ಮೈಗೆ ಹೊಂದಿಸಿಕೊಳ್ಳಿ. ಪೆಡಲ್ ಕೆಳಗಿರುವಾಗ ಮಂಡಿ 25ರಿಂದ 35 ಡಿಗ್ರಿಯಷ್ಟು ಬಾಗಿರಬೇಕು, ಹ್ಯಾಂಡಲ್ ಹಿಡಿದಾಗ ಮೊಣಕೈ ಬಿಗಿಯಾಗಿರಬಾರದು. ಟೈರು 28 ಅಥವಾ 32 ಮಿಲಿಮೀಟರ್ ಅಗಲವಿದ್ದು ಗಾಳಿ ತುಸು ಕಡಿಮೆಯಿದ್ದರೆ ರಸ್ತೆಯ ಕಂಪನ ಮೈಗೆ ಏರುವುದೂ ಕಡಿಮೆಯಾಗುತ್ತದೆ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವೇ ರೇಸಿನ ಸೈಕಲ್ 6.8 ಕಿಲೋಗೆ ಕಡಿಮೆ ಇರಕೂಡದು ಎಂದು ನಿಯಮ ಮಾಡಿದೆ. ಹವ್ಯಾಸಿಯೊಬ್ಬ ಸಮತಟ್ಟಾದ ರಸ್ತೆಯಲ್ಲಿ ಹಿಂದೆ ಬೀಳುವುದು ಸೈಕಲ್ಲಿನ ತೂಕದಿಂದಲ್ಲ.

ಹಿಂದೆ ಬೀಳುವುದು ಗಾಳಿಯಿಂದ. ವೇಗ ಹತ್ತರಲ್ಲಿ ಒಂದು ಪಾಲು ಹೆಚ್ಚಿದರೆ ಗಾಳಿಯನ್ನು ಸೀಳಲು ಬೇಕಾದ ಶಕ್ತಿ ಮೂರರಲ್ಲಿ ಒಂದು ಪಾಲು ಹೆಚ್ಚಬೇಕಾಗುತ್ತದೆ, ಏಕೆಂದರೆ ಆ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಇನ್ನೊಬ್ಬರ ಚಕ್ರದ ಹಿಂದೆ ಅಂಟಿಕೊಂಡು ಹೋದರೆ ಆ ಹೊರೆಯಲ್ಲಿ ದೊಡ್ಡ ಪಾಲು ಇಳಿಯುತ್ತದೆ. ನನ್ನ ಮೊದಲ ರೇಸಿನಲ್ಲಿ ನಾನು ಮಾಡಿದ ತಪ್ಪು ಇದನ್ನು ತಿಳಿಯದಿದ್ದುದಲ್ಲ. ಗುಂಪಿನ ಬಾಲದಲ್ಲಿ ಉಳಿದದ್ದು. ತಿರುವು ಬಂದಾಗ ಮುಂದಿನವರು ಬ್ರೇಕನ್ನು ಮುಟ್ಟಿಯೂ ಮುಟ್ಟದಂತೆ ಹಾದುಹೋಗುತ್ತಾರೆ. ಹಿಂದೆ ಹೋದಂತೆಲ್ಲ ಪ್ರತಿಯೊಬ್ಬರೂ ಮುಂದಿನವರಿಗಿಂತ ಸ್ವಲ್ಪ ಹೆಚ್ಚು ಬ್ರೇಕ್ ಒತ್ತುತ್ತಾ, ಕೊನೆಯವರು ಹೆಚ್ಚುಕಡಿಮೆ ನಿಂತೇ ಬಿಡುತ್ತಾರೆ. ತಿರುವು ದಾಟಿದ ಮೇಲೆ ಮುಂದಿನವರು ಮಾಮೂಲಿನಂತೆ ತುಳಿಯುವಾಗ ಹಿಂದಿನವರು ಜೀವ ಬಿಟ್ಟು ಓಡಿಸಬೇಕು. ಒಂದು ಸುತ್ತಿಗೆ ನಾಲ್ಕು ತಿರುವುಗಳಿದ್ದರೆ ಮೂರನೆಯ ಸುತ್ತಿನ ಕೊನೆಗೆ ಅಂಥ ಹನ್ನೆರಡು ಓಟಗಳಾಗಿರುತ್ತವೆ. ಗಂಟೆಗಟ್ಟಲೆ ಒಂದೇ ಲಯದಲ್ಲಿ ತುಳಿಯಲು ಪಳಗಿದ್ದ ನನ್ನ ಕಾಲುಗಳಿಗೆ ಹತ್ತು ಸೆಕೆಂಡಿನ ಈ ಓಟಗಳು ತಿಳಿದೇ ಇರಲಿಲ್ಲ. ಗುಂಪಿನ ಮುಂದಿನ ಮೂರನೆಯ ಒಂದು ಭಾಗದಲ್ಲಿ, ಆದರೆ ತೀರಾ ತುದಿಯಲ್ಲಲ್ಲದೆ, ಇರುವುದೇ ಅರ್ಧ ರೇಸು ಎಂಬುದು ನನ್ನ ಅನುಭವ.

ಹಾಗೆಂದು ಉಳಿತಾಯ ಎಂದರೆ ಜಿಪುಣತನವಲ್ಲ. ಎಲ್ಲಿ ಖರ್ಚು ಮಾಡಬೇಕೆಂಬ ಅರಿವೂ ಅದರಲ್ಲೇ ಇದೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ಯಾವ ವೃತ್ತಿಪರ ತಂಡದಲ್ಲೂ ಇಲ್ಲದ, ಗಣಿತದಲ್ಲಿ ಡಾಕ್ಟರೇಟ್ ಪಡೆದ ಆಸ್ಟ್ರಿಯಾದ ಆನಾ ಕೀಸೆನ್‌ಹೋಫರ್ 137 ಕಿಲೋಮೀಟರ್ ರಸ್ತೆ ರೇಸಿನ ಆರಂಭದಲ್ಲೇ ಗುಂಪು ಬಿಟ್ಟು ಮುಂದೆ ಹೋದರು. ಕೊನೆಯ 40 ಕಿಲೋಮೀಟರ್ ಒಬ್ಬರೇ ತುಳಿದು ಚಿನ್ನ ಗೆದ್ದರು. ಎರಡನೆಯವರಾಗಿ ಬಂದ ಡಚ್ ಸವಾರರು ತಾವೇ ಗೆದ್ದೆವೆಂದು ಕೈ ಎತ್ತಿದರು, ಏಕೆಂದರೆ ಮುಂದೆ ಇನ್ನೊಬ್ಬರಿದ್ದಾರೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಹವ್ಯಾಸಿಗಳ ಬಗ್ಗೆ ಮಾತಾಡುವಾಗ ನಾನು ಬೆರಿಲ್ ಬರ್ಟನ್ ಅವರನ್ನು ನೆನೆಯದೆ ಇರಲಾರೆ. ಜೀವನವಿಡೀ ಹವ್ಯಾಸಿಯಾಗಿಯೇ ಉಳಿದು, ತೋಟದಲ್ಲಿ ಮೈಮುರಿದು ದುಡಿಯುತ್ತಿದ್ದ ಆ ಇಂಗ್ಲಿಷ್ ಮಹಿಳೆ 1967ರಲ್ಲಿ 12 ಗಂಟೆಗಳಲ್ಲಿ 277.25 ಮೈಲಿ, ಅಂದರೆ ಸುಮಾರು 446 ಕಿಲೋಮೀಟರ್, ತುಳಿದು ಆ ವಿಭಾಗದಲ್ಲಿ ಪುರುಷರ ದಾಖಲೆಯನ್ನೂ ಮೀರಿಸಿದರು. ಮಹಿಳೆಯರ ದಾಖಲೆಯಾಗಿ ಅದು 50 ವರ್ಷ ಉಳಿಯಿತು. 2019ರಲ್ಲಿ ಯುರೋಪನ್ನು ಅಡ್ಡಲಾಗಿ ದಾಟುವ ಟ್ರಾನ್ಸ್‌ಕಾಂಟಿನೆಂಟಲ್ ರೇಸಿನಲ್ಲಿ, ಯಾರ ನೆರವೂ ಇಲ್ಲದೆ ಸುಮಾರು 4000 ಕಿಲೋಮೀಟರ್‌ಗಳನ್ನು 10 ದಿನ 2 ಗಂಟೆ 48 ನಿಮಿಷಗಳಲ್ಲಿ ಮುಗಿಸಿ ಪುರುಷರೆಲ್ಲರಿಗಿಂತ ಮೊದಲು ಬಂದವರು ಜರ್ಮನಿಯ ಫಿಯೋನಾ ಕೋಲ್ಬಿಂಗರ್. ಈ ಆಟದಲ್ಲಿ ಹೆಣ್ಣುಮಕ್ಕಳಿಗೆ ‘ನೀವು ಚಿಕ್ಕ ದೂರ ಮಾಡಿ’ ಎಂದು ಸಲಹೆ ಕೊಡುವವರು ಇವರನ್ನು ಒಮ್ಮೆ ನೆನೆಯಲಿ.

ಹಾಗಾದರೆ ಹೊಸಬರು ಎಲ್ಲಿಂದ ಶುರು ಮಾಡಬೇಕು? ಮೂರು ನಾಲ್ಕು ತಿಂಗಳು ವಾರಕ್ಕೆ ಮೂರು ನಾಲ್ಕು ದಿನ ತುಳಿಯಿರಿ. ಅದರಲ್ಲಿ ಹತ್ತಕ್ಕೆ ಎಂಟು ಪಾಲು ಪಕ್ಕದವರೊಡನೆ ಆರಾಮವಾಗಿ ಮಾತಾಡಬಲ್ಲಷ್ಟು ನಿಧಾನವಾಗಿರಲಿ, ಉಳಿದದ್ದು ನಿಜವಾಗಿಯೂ ಕಠಿಣವಾಗಿರಲಿ. ಆಮೇಲೆ ಒಂದು 200ರ ಬ್ರೆವೆ. ರೇಸಿನ ಆಸೆಯಿದ್ದರೆ ಮೊದಲು ಟೈಮ್ ಟ್ರಯಲ್‌ಗೆ ಹೋಗಿ, ಅಲ್ಲಿ ಪ್ರತಿಯೊಬ್ಬರೂ ಒಂಟಿಯಾಗಿ ಗಡಿಯಾರದ ವಿರುದ್ಧ ಓಡುತ್ತಾರೆ, ಇನ್ನೊಬ್ಬರ ಚಕ್ರ ತಗಲುವ ಭಯವಿಲ್ಲ. ಗುಂಪಿನ ರೇಸು ಅದಾದ ನಂತರವೇ ಬರಲಿ.

ಏಕೆಂದರೆ ಗುಂಪಿನಲ್ಲಿ ಒಬ್ಬರ ಅಜ್ಞಾನಕ್ಕೆ ಹತ್ತು ಜನ ಬೆಲೆ ತೆರುತ್ತಾರೆ. ನನ್ನ ಮೂರನೆಯ ರೇಸಿನಲ್ಲಿ ನನ್ನ ಎಡಗಡೆಯೇ ಇದು ನಡೆಯಿತು. ಒಬ್ಬ ಹುಡುಗನ ಮುಂದಿನ ಚಕ್ರ ಮುಂದಿನವರ ಹಿಂದಿನ ಚಕ್ರದ ಪಕ್ಕಕ್ಕೆ ಸರಿದಿತ್ತು. ಮುಂದಿನವರು ಗುಂಡಿಯೊಂದನ್ನು ತಪ್ಪಿಸಲು ಒಂದು ಗೇಣು ಸರಿದರು, ಅಷ್ಟೇ. ರಬ್ಬರಿಗೆ ರಬ್ಬರ್ ಉಜ್ಜಿದ ‘ಜರ್’ ಎಂಬ ಸದ್ದು ಕೇಳಿಸಿತು. ಮುಂದಿನವರಿಗೆ ಏನೂ ಆಗಲಿಲ್ಲ, ಹುಡುಗ ಭುಜದ ಮೇಲೆ ಬಿದ್ದ, ಅವನ ಮೇಲೆ ಇನ್ನಿಬ್ಬರು ಬಿದ್ದರು. ಅವನ ಕೊರಳ ಕೆಳಗಿನ ಮೂಳೆ ಮುರಿದಿತ್ತು. ಮುಂದಿನ ಚಕ್ರವನ್ನು ದಿಟ್ಟಿಸದೆ ಅವರ ಹೆಗಲಾಚೆಗಿನ ರಸ್ತೆಯನ್ನು ನೋಡಬೇಕು, ಚಕ್ರದ ಪಕ್ಕಕ್ಕೆ ಚಕ್ರ ಹಾಕಬಾರದು, ತಿರುವಿನಲ್ಲಿ ತನ್ನ ಗೆರೆ ಬಿಡಬಾರದು, ಬ್ರೇಕ್ ಹಾಕುವುದಿದ್ದರೆ ತಿರುವಿಗೆ ಮೊದಲೇ ಹಾಕಬೇಕು ಎಂಬ ನಾಲ್ಕು ಮಾತುಗಳನ್ನು ಯಾರೂ ಅವನಿಗೆ ಹೇಳಿರಲಿಲ್ಲ. ಅವನ ಶುಲ್ಕ ತೆಗೆದುಕೊಂಡು ನಂಬರ್ ಚೀಟಿ ಕೊಟ್ಟ ಸಂಘಟಕರಿಗೂ ಅದು ತಮ್ಮ ಕೆಲಸ ಎನ್ನಿಸಿರಲಿಲ್ಲ.

ರೇಸು ನಡೆಸುವವರಲ್ಲಿ ನನ್ನ ಬೇಡಿಕೆ ಇಷ್ಟೇ. ಹೊಸಬರ ವಿಭಾಗಕ್ಕೆ ನಂಬರ್ ಕೊಡುವ ಮೊದಲು, ವಾಹನಗಳಿಲ್ಲದ ಒಂದು ಬಯಲಿನಲ್ಲಿ, ಅನುಭವಿ ಸವಾರರಿಬ್ಬರನ್ನು ನಿಲ್ಲಿಸಿ, ಒಂದು ಗಂಟೆ ಗುಂಪಿನಲ್ಲಿ ತುಳಿಯುವುದನ್ನು ಕಡ್ಡಾಯವಾಗಿ ಹೇಳಿಕೊಡಿ. ಭುಜಕ್ಕೆ ಭುಜ ತಾಗಿದರೂ ಹ್ಯಾಂಡಲ್ ಅಲುಗದಂತೆ ಹಿಡಿಯುವುದನ್ನು ಹುಲ್ಲಿನ ಮೇಲೆ ಮೆಲ್ಲಗೆ ಮಾಡಿಸಿ. ಹೇಳಿಕೊಡಲು ಜನ ಸಾಲದಿದ್ದರೆ ನನ್ನನ್ನು ಕರೆಯಿರಿ, ರೇಸಿನ ಹಿಂದಿನ ದಿನವೇ ಬರುತ್ತೇನೆ.