ಖಾಲಿ ಹಸುವನ್ನು ಮೊದಲು ಗುರುತಿಸುವ ಬಗೆ

ಹಸುವಿಗೆ ಕೃತಕ ಗರ್ಭಧಾರಣೆ ಮಾಡಿಸಿ ಒಂದೆರಡು ತಿಂಗಳು ಕಳೆದ ಮೇಲೆ ನಾವು ಕನ್ನಡಿಗರು ಕೇಳುವ ಮೊದಲ ಪ್ರಶ್ನೆ ‘ಗಬ್ಬ ನಿಂತಿದೆಯಾ?’ ಎಂಬುದು. ಕರ್ನಾಟಕದ ಹೊರಗೆ, ನೂರಾರು ಹಸುಗಳ ಹಿಂಡುಗಳಲ್ಲಿ ಹಲವು ವರ್ಷ ಕೆಲಸ ಮಾಡಿರುವ ನನಗೆ ಅಲ್ಲಿ ದಿನವೂ ಕಿವಿಗೆ ಬೀಳುತ್ತಿದ್ದ ಪ್ರಶ್ನೆ ‘ಯಾವುದು ಖಾಲಿ?’ ಎಂಬುದು. ಎರಡಕ್ಕೂ ಉತ್ತರ ಒಂದೇ ಪರೀಕ್ಷೆಯಿಂದ ಸಿಗುತ್ತದೆಯಾದರೂ, ಯಾವ ವಿಧಾನವನ್ನು ಯಾವ ದಿನ ಬಳಸಬೇಕು ಎಂಬ ತೀರ್ಮಾನ ಇವುಗಳಲ್ಲಿ ಯಾವ ಪ್ರಶ್ನೆಯನ್ನು ಮುಂದಿಟ್ಟುಕೊಂಡಿದ್ದೇವೆ ಎಂಬುದನ್ನೇ ಅವಲಂಬಿಸಿದೆ ಎಂದು ನನಗೆ ಮನವರಿಕೆಯಾಗಿದೆ. ಗಬ್ಬ ನಿಂತ ಹಸುವನ್ನು 30ನೇ ದಿನ ಗುರುತಿಸಿದರೂ 90ನೇ ದಿನ ಗುರುತಿಸಿದರೂ ಅದು ಕರು ಹಾಕುವ ದಿನ ಬದಲಾಗುವುದಿಲ್ಲ. ತಡವಾಗಿ ತಿಳಿದಷ್ಟೂ ನಷ್ಟ ಬೆಳೆಯುವುದು ಖಾಲಿ ಹಸುವಿನ ವಿಷಯದಲ್ಲಿ.

ಲೆಕ್ಕ ಕಷ್ಟದ್ದಲ್ಲ. ಹಸುವಿನ ಗರ್ಭಾವಧಿ ಸುಮಾರು 280 ದಿನ. ವರ್ಷಕ್ಕೊಂದು ಕರು ಬೇಕೆಂದರೆ ಕರು ಹಾಕಿದ 85 ದಿನಗಳೊಳಗೆ ಹಸು ಮತ್ತೆ ಗಬ್ಬವಾಗಬೇಕು. ಅದರಲ್ಲಿ ಗರ್ಭಕೋಶ ಮೊದಲಿನ ಸ್ಥಿತಿಗೆ ಮರಳಲು ಆರು ವಾರಗಳು ಹೋಗುತ್ತವೆ. ಬೆದೆ ಸರಾಸರಿ 21 ದಿನಗಳಿಗೊಮ್ಮೆ ಬರುವುದರಿಂದ ಉಳಿದ ಅವಧಿಯಲ್ಲಿ ನಮ್ಮ ಕೈಗೆ ಸಿಗುವುದು ಎರಡೇ ಬೆದೆ. ಖಾಲಿಯೆಂದು ಗೊತ್ತಾಗದೆ ಕಳೆದ ಒಂದೊಂದು ಬೆದೆಗೂ ಮೂರು ವಾರಗಳ ಮೇವು ಮತ್ತು ಹಾಲಿನ ಲೆಕ್ಕ ತಪ್ಪುತ್ತಾ ಹೋಗುತ್ತದೆ.

ಬೆದೆ ಮರಳದಿದ್ದರೆ ಗಬ್ಬ ಎಂದು ತಿಳಿಯುವುದು ಎಲ್ಲಕ್ಕಿಂತ ಹಳೆಯ ವಿಧಾನ. ಗರ್ಭಧಾರಣೆ ಮಾಡಿಸಿದ 18ನೇ ದಿನದಿಂದ 24ನೇ ದಿನದವರೆಗೆ ಬೆಳಿಗ್ಗೆ, ಸಂಜೆ, ರಾತ್ರಿ ಹಸುವನ್ನು ಗಮನಿಸುವವರಿಗೆ ಇದು ಬಹಳ ಉಪಕಾರಿ, ಏಕೆಂದರೆ ಖಾಲಿ ಹಸುವನ್ನು ಇಷ್ಟು ಬೇಗ ತೋರಿಸಿಕೊಡುವ ಬೇರೆ ದಾರಿಗಳು ಕಡಿಮೆ. ಆದರೆ ಬೆದೆ ಕಾಣದಿರುವುದು ಗಬ್ಬಕ್ಕೆ ಸಾಕ್ಷಿಯಾಗುವುದಿಲ್ಲ. ಮೂಕ ಬೆದೆಯ ಹಸುಗಳಿವೆ, ಅಂಡಾಶಯ ಕೆಲಸ ನಿಲ್ಲಿಸಿರುವ ಹಸುಗಳಿವೆ, ಭ್ರೂಣ ಕೆಲವು ವಾರ ಬದುಕಿ ಸತ್ತಿರುವ ಹಸುಗಳೂ ಇವೆ. ಇದಕ್ಕೆ ವಿರುದ್ಧವಾಗಿ, ಗಬ್ಬವಾಗಿದ್ದೂ ಬೆದೆಯ ಲಕ್ಷಣ ತೋರಿಸುವ ಹಸುಗಳು ಕೆಲವು ಇರುತ್ತವೆ. ಅಂಥದಕ್ಕೆ ಪರೀಕ್ಷಿಸದೆ ಮತ್ತೆ ಗರ್ಭಧಾರಣೆ ಮಾಡಿಸಿದರೆ ಒಳಗೆ ಹೋದ ನಳಿಕೆಯೇ ಗರ್ಭವನ್ನು ಕೆಡಿಸಬಹುದು.

ಗುದದ್ವಾರದ ಮೂಲಕ ಕೈ ಹಾಕಿ ಗರ್ಭಕೋಶವನ್ನು ಮುಟ್ಟಿ ನೋಡುವ ಪರೀಕ್ಷೆಯ ಬಗ್ಗೆ ನನಗೆ ಇಂದಿಗೂ ದೊಡ್ಡ ಗೌರವವಿದೆ. ಕೈಗವಸು, ಜಾರುವ ದ್ರವ ಮತ್ತು ಅನುಭವ, ಇಷ್ಟೇ ಸಾಕು. ಉತ್ತರ ಎರಡು ನಿಮಿಷದಲ್ಲಿ, ಹಸುವಿನ ಪಕ್ಕದಲ್ಲೇ ಸಿಗುತ್ತದೆ. ನುರಿತ ಕೈಗೆ 35ನೇ ದಿನದ ಹೊತ್ತಿಗೆ ಗರ್ಭಕೋಶದ ಕೊಂಬಿನೊಳಗೆ ಪೊರೆ ಜಾರುವುದು ತಿಳಿಯುತ್ತದೆ: ಕೊಂಬನ್ನು ಎರಡು ಬೆರಳುಗಳ ನಡುವೆ ಮೆಲ್ಲಗೆ ಎತ್ತಿ ಸಡಿಲಿಸಿದಾಗ ಮೊದಲು ಒಳಗಿನ ತೆಳು ಪೊರೆ ಬೆರಳಿನಿಂದ ತಪ್ಪಿಸಿಕೊಳ್ಳುತ್ತದೆ, ಅದರ ಹಿಂದೆಯೇ ಕೊಂಬಿನ ಗೋಡೆ ಜಾರುತ್ತದೆ. ಎರಡೂವರೆ ತಿಂಗಳು ದಾಟಿದ ಮೇಲೆ ಮಾಸು ಗರ್ಭಕೋಶಕ್ಕೆ ಅಂಟಿಕೊಂಡಿರುವ ಗುಂಡಿಗಳು ಕೈಗೆ ಸಿಗತೊಡಗುತ್ತವೆ. ಮೂರು ನಾಲ್ಕು ತಿಂಗಳ ಹೊತ್ತಿಗೆ ಗರ್ಭಕೋಶದ ರಕ್ತನಾಳದಲ್ಲಿ ನಾಡಿಬಡಿತದ ಬದಲು ರಭಸದ ನೀರು ಹರಿದಂತಹ ಕಂಪನ ಬೆರಳಿಗೆ ತಾಗುತ್ತದೆ. ಪೊರೆ ಜಾರುವುದು, ಭ್ರೂಣದ ನೀರಿನ ಚೀಲ, ಮಾಸಿನ ಗುಂಡಿಗಳು, ಕರು — ಈ ನಾಲ್ಕರಲ್ಲಿ ಒಂದಾದರೂ ಸಿಗದೆ ಗಬ್ಬ ಎಂದು ಹೇಳಬಾರದು. ಗರ್ಭಕೋಶ ದೊಡ್ಡದಾಗಿದೆ, ಒಳಗೆ ದ್ರವವಿದೆ ಎಂಬಷ್ಟೇ ಕಾರಣ ಸಾಲದು. ಕೀವು ತುಂಬಿದ ಗರ್ಭಕೋಶವೂ ಹಾಗೆಯೇ ಇರುತ್ತದೆ, ಅಂಥ ಹಸುವೂ ಬೆದೆಗೆ ಬರುವುದಿಲ್ಲ. ಆರಂಭದ ದಿನಗಳಲ್ಲಿ ನೀರಿನ ಚೀಲವನ್ನು ಹಿಸುಕಿದರೆ ಭ್ರೂಣ ಸಾಯಬಹುದಾದ್ದರಿಂದ, ಕಲಿಯುತ್ತಿರುವವರು 45 ರಿಂದ 60 ದಿನ ಕಾಯುವುದೇ ಲೇಸು.

ನಮ್ಮ ಹಿಂಡಿನಲ್ಲಿ ನಡೆದ ಒಂದು ತಪ್ಪನ್ನು ಇಲ್ಲಿ ಹೇಳಬೇಕು. ಹಿಂಡಿನ ದಾಖಲೆ ಪುಸ್ತಕದ ಪ್ರಕಾರ ಗರ್ಭಧಾರಣೆಯಾಗಿ 60 ದಿನ ಕಳೆದಿದ್ದ ಹಸುವೊಂದನ್ನು ಕೈಪರೀಕ್ಷೆಯಲ್ಲಿ ಖಾಲಿ ಎಂದು ಬರೆಯಲಾಯಿತು. ಬೆದೆ ತರಿಸಲು ಪ್ರೋಸ್ಟಗ್ಲಾಂಡಿನ್ ಚುಚ್ಚುಮದ್ದು ಕೊಟ್ಟೆವು. ಅಂಡಾಶಯದಲ್ಲಿ ಗರ್ಭವನ್ನು ಕಾಯುವ ಹಾರ್ಮೋನು ತಯಾರಿಸುವ ಕಾರ್ಪಸ್ ಲೂಟಿಯಂ ಅನ್ನು ಆ ಔಷಧಿ ಕರಗಿಸುತ್ತದೆ. ನಾಲ್ಕನೇ ದಿನ ಹಸು ಕಂದು ಹಾಕಿತು. ನಡುವೆ ಅದು ಮತ್ತೆ ಬೆದೆಗೆ ಬಂದು, ಎರಡನೇ ಸಲ ಗರ್ಭಧಾರಣೆ ಮಾಡಿಸಿದ್ದು ಪುಸ್ತಕದಲ್ಲಿ ಸೇರಿರಲಿಲ್ಲ. ನಿಜವಾಗಿ ಅದು 38 ದಿನಗಳ ಗಬ್ಬ. 60 ದಿನಗಳ ಗಾತ್ರವನ್ನು ಹುಡುಕುತ್ತಿದ್ದ ಕೈಗೆ ಅಷ್ಟು ಚಿಕ್ಕದು ಸಿಗಲಿಲ್ಲ. ಗಬ್ಬವಾದದ್ದನ್ನು ಖಾಲಿ ಎಂದರೆ ಒಂದು ಜೀವ ಹೋಗುತ್ತದೆ, ಖಾಲಿಯಾದದ್ದನ್ನು ಗಬ್ಬ ಎಂದರೆ ದಿನಗಳು ಹೋಗುತ್ತವೆ. ಎರಡು ತಪ್ಪುಗಳ ತೂಕ ಒಂದೇ ಅಲ್ಲ ಎಂಬುದನ್ನು ಆ ಹಸು ನನಗೆ ಕಲಿಸಿತು. ಅಂದಿನಿಂದ ಖಾಲಿ ಎಂಬ ಫಲಿತಾಂಶ ಬಂದಾಗ, ಚುಚ್ಚುಮದ್ದಿಗೆ ಮೊದಲು ಇನ್ನೊಂದು ವಿಧಾನದಿಂದ ಖಚಿತಪಡಿಸಿಕೊಳ್ಳುತ್ತೇನೆ.

1980ರ ದಶಕದಿಂದ ಹಸುಗಳಲ್ಲಿ ಬಳಕೆಗೆ ಬಂದ ಅಲ್ಟ್ರಾಸೌಂಡ್ ಈ ಕೆಲಸಕ್ಕೆ ಹೇಳಿಮಾಡಿಸಿದಂತಿದೆ. ಶೋಧಕವನ್ನು ಗುದದ್ವಾರದ ಮೂಲಕವೇ ಒಯ್ಯಬೇಕು. ಪರದೆಯ ಮೇಲೆ ದ್ರವ ಕಪ್ಪಾಗಿಯೂ ಭ್ರೂಣ ಬೂದುಬಣ್ಣದಲ್ಲೂ ಕಾಣುತ್ತದೆ. 28ನೇ ದಿನದ ಆಸುಪಾಸಿನಲ್ಲಿ ಭ್ರೂಣದ ಹೃದಯ ಮಿಡಿಯುವುದನ್ನು ಕಣ್ಣಾರೆ ನೋಡಬಹುದು. ಗಬ್ಬವಿದೆ ಎಂಬುದರ ಜೊತೆಗೆ ಅದು ಬದುಕಿದೆ ಎಂಬುದನ್ನೂ ತೋರಿಸುವುದರಿಂದಲೇ ನಾನು ಈ ವಿಧಾನವನ್ನು ಉಳಿದವುಗಳಿಗಿಂತ ಮೇಲಿಡುತ್ತೇನೆ. ಖಾಲಿ ಇದ್ದರೆ ಅಂಡಾಶಯದ ಸ್ಥಿತಿ ಅದೇ ಹೊತ್ತಿನಲ್ಲಿ ಕಾಣುವುದರಿಂದ ಮುಂದಿನ ಚಿಕಿತ್ಸೆಯನ್ನು ಅಲ್ಲಿಯೇ ನಿರ್ಧರಿಸಬಹುದು. ಅವಳಿ ಕರುಗಳೂ ತಿಳಿಯುತ್ತವೆ. ಹೋರಿಗರುವಿನೊಂದಿಗೆ ಹುಟ್ಟುವ ಹೆಣ್ಣುಗರುಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಬರಡಾಗಿರುವುದರಿಂದ ಈ ಮುನ್ಸೂಚನೆ ಬೆಲೆಬಾಳುತ್ತದೆ. ಆದರೆ ಯಂತ್ರ ಕೊಂಡ ಮಾತ್ರಕ್ಕೆ ಕಣ್ಣು ಪಳಗುವುದಿಲ್ಲ. ಕೈಪರೀಕ್ಷೆ ಚೆನ್ನಾಗಿ ಬಲ್ಲವರೇ ಇದನ್ನೂ ಬೇಗ ಕಲಿಯುವುದನ್ನು ನಾನು ಕಂಡಿದ್ದೇನೆ.

ಪರಿಣತ ಕೈ ಹತ್ತಿರದಲ್ಲಿ ಇಲ್ಲದವರಿಗೆ ರಕ್ತ ಮತ್ತು ಹಾಲಿನ ಪರೀಕ್ಷೆಗಳಿವೆ. ಇವು ಎರಡು ಬಗೆ, ಎರಡರ ಅರ್ಥವೂ ಬೇರೆ. ಗರ್ಭವನ್ನು ಕಾಯುವ ಹಾರ್ಮೋನಾದ ಪ್ರೊಜೆಸ್ಟರೋನ್‌ನ ಪರೀಕ್ಷೆಯನ್ನು 21ರಿಂದ 24ನೇ ದಿನದ ಹಾಲಿನಲ್ಲಿ ಮಾಡುತ್ತಾರೆ. ಮಟ್ಟ ಕಡಿಮೆ ಇದ್ದರೆ ಹಸು ಖಾಲಿ ಎಂಬುದು ಹೆಚ್ಚುಕಡಿಮೆ ಖಚಿತ. ಹೆಚ್ಚಿದ್ದರೆ ಗಬ್ಬವಿರಬಹುದು ಎಂದಷ್ಟೇ ಹೇಳಬಹುದು, ಏಕೆಂದರೆ ಆ ಹಾರ್ಮೋನು ಬರುವುದು ಅಂಡಾಶಯದಿಂದ, ಭ್ರೂಣದಿಂದಲ್ಲ. ಇನ್ನೊಂದು ಬಗೆಯ ಪರೀಕ್ಷೆ ಮಾಸಿನ ಜೀವಕೋಶಗಳೇ ತಾಯಿಯ ರಕ್ತಕ್ಕೆ ಬಿಡುವ ಪ್ರೋಟೀನನ್ನು ಹುಡುಕುತ್ತದೆ. 1982ರಲ್ಲಿ ಅಮೆರಿಕದ ಸಂಶೋಧಕರು ಇಂಥ ಪ್ರೋಟೀನನ್ನು ವರದಿ ಮಾಡಿದರು. ಇಂದು 28ನೇ ದಿನದಿಂದ ರಕ್ತ ಅಥವಾ ಹಾಲಿನ ಮಾದರಿಯಲ್ಲಿ ಇದನ್ನು ನೋಡಬಹುದು. ಮುಖ್ಯವಾದ ಎಚ್ಚರಿಕೆಯೆಂದರೆ, ಹಿಂದಿನ ಗಬ್ಬದ ಪ್ರೋಟೀನು ಕರು ಹಾಕಿದ ಎರಡು ತಿಂಗಳವರೆಗೂ ಉಳಿದಿರಬಹುದು, ಭ್ರೂಣ ಸತ್ತ ಮೇಲೂ ಕೆಲವು ದಿನ ರಕ್ತದಲ್ಲಿರುತ್ತದೆ. ಮನುಷ್ಯರ ಗರ್ಭ ಪರೀಕ್ಷೆಯ ಪಟ್ಟಿಯನ್ನು ಹಸುವಿನ ಮೂತ್ರದಲ್ಲಿ ಅದ್ದಿ ನೋಡುವವರೂ ಇದ್ದಾರೆ. ಆ ಪಟ್ಟಿ ಹುಡುಕುವ ಹಾರ್ಮೋನು ಹಸುವಿನಲ್ಲಿ ಇಲ್ಲವೇ ಇಲ್ಲ.

ಮೂತ್ರದಲ್ಲಿ ಕಾಳು ಮೊಳೆಸುವ, ‘ಪುಣ್ಯಕೋಟಿ ಪರೀಕ್ಷೆ’ ಎಂಬ ಕನ್ನಡದ ಹೆಸರು ಪಡೆದಿರುವ ವಿಧಾನದ ಬಗ್ಗೆ ಊರಿನ ಗೆಳೆಯರು ನನ್ನನ್ನು ಆಗಾಗ ಕೇಳುತ್ತಾರೆ. ಮೂತ್ರಕ್ಕೆ ನೀರು ಬೆರೆಸಿ, ಅದರಲ್ಲಿ ಗೋಧಿಯಂಥ ಕಾಳುಗಳನ್ನಿಟ್ಟು, ಬರೀ ನೀರಿನಲ್ಲಿಟ್ಟ ಕಾಳುಗಳೊಂದಿಗೆ ಸುಮಾರು ಐದು ದಿನ ಹೋಲಿಸಿ ನೋಡಬೇಕು. ಗಬ್ಬದ ಹಸುವಿನ ಮೂತ್ರ ಮೊಳಕೆಯನ್ನು ತಡೆಯುತ್ತದೆ ಎಂಬುದು ಇದರ ನಂಬುಗೆ. ಪ್ರಾಚೀನ ಈಜಿಪ್ಟಿನಲ್ಲಿ ಹೆಂಗಸರಿಗೆ ಮಾಡುತ್ತಿದ್ದ ಕಾಳಿನ ಪರೀಕ್ಷೆಯೇ ಇದರ ಮೂಲ, ಅಲ್ಲಿ ಮಾತ್ರ ಮೊಳಕೆ ಬಂದರೆ ಗರ್ಭ ಎಂದು ತಿಳಿಯುತ್ತಿದ್ದರು. ಖರ್ಚಿಲ್ಲದ, ಹಸುವನ್ನು ನೋಯಿಸದ ಈ ವಿಧಾನದ ಮೇಲೆ ನನಗೂ ಪ್ರೀತಿಯಿದೆ. ಆದರೂ ಇದನ್ನೇ ನಂಬಿ ಚುಚ್ಚುಮದ್ದು ಕೊಡಲು ನಾನು ಒಪ್ಪುವುದಿಲ್ಲ. ಮೂತ್ರ ಗಟ್ಟಿಯಾಗಿದ್ದರೆ ಅದರ ಲವಣ ಮತ್ತು ಯೂರಿಯಾಗಳೇ ಮೊಳಕೆಯನ್ನು ತಡೆಯಬಲ್ಲವು. ಬೇರಿಯಂ ಕ್ಲೋರೈಡ್ ಹಾಕಿ ಮೂತ್ರದಲ್ಲಿ ಬಿಳಿ ಗಸಿ ಬರುವುದನ್ನು ನೋಡುವ ಪರೀಕ್ಷೆಗೂ ನನ್ನ ಮಾತು ಇದೇ. ಐದಾರು ತಿಂಗಳ ಬಳಿಕ ಬಲಗಡೆಯ ಹೊಟ್ಟೆಯನ್ನು ಮುಷ್ಟಿಯಿಂದ ಒತ್ತಿ ಕರುವಿನ ಅಲುಗಾಟ ತಿಳಿಯುವುದು ಖಾಲಿ ಹಸುವನ್ನು ಹುಡುಕುವ ಕಾಲ ಮೀರಿದ ಮೇಲಿನ ಪರೀಕ್ಷೆ.

ಬೇಗ ಪರೀಕ್ಷಿಸುವುದಕ್ಕೆ ಒಂದು ಬೆಲೆಯೂ ಇದೆ. 30ನೇ ದಿನ ಗಬ್ಬವೆಂದು ಕಂಡ ಹಸುಗಳಲ್ಲಿ ಕೆಲವು 60 ದಿನ ತುಂಬುವುದರೊಳಗೆ ಭ್ರೂಣವನ್ನು ಕಳೆದುಕೊಳ್ಳುತ್ತವೆ. ಹೆಚ್ಚು ಹಾಲು ಕರೆಯುವ ಹಸುಗಳಲ್ಲಿ ಇದು ಅಪರೂಪವೇನಲ್ಲ. ಇದಕ್ಕೆ ಪರೀಕ್ಷೆಯನ್ನೋ ಪರೀಕ್ಷಿಸಿದವರನ್ನೋ ದೂರುವುದು ಅನ್ಯಾಯ. ಎರಡು ಮೂರು ಹಸುಗಳನ್ನು ಸಾಕುವವರಿಗೆ ನನ್ನ ಸಲಹೆ ಇಷ್ಟು: ಮೂರನೇ ವಾರದಲ್ಲಿ ಬೆದೆಯನ್ನು ಕಣ್ಣಿಟ್ಟು ನೋಡಿ, ಸಾಧ್ಯವಿದ್ದರೆ 30ನೇ ದಿನ ಅಲ್ಟ್ರಾಸೌಂಡ್ ಅಥವಾ ಹಾಲಿನಲ್ಲಿ ಮಾಸಿನ ಪ್ರೋಟೀನಿನ ಪರೀಕ್ಷೆ ಮಾಡಿಸಿ, ಇಲ್ಲವಾದರೆ 45 ದಿನ ದಾಟಿದ ಮೇಲೆ ಪರಿಣತರಿಂದ ಕೈಪರೀಕ್ಷೆ ಮಾಡಿಸಿ. ಹೇಗೆ ಮಾಡಿಸಿದರೂ 60ರಿಂದ 90 ದಿನಗಳ ನಡುವೆ ಇನ್ನೊಮ್ಮೆ ನೋಡಿಸಿ. ಕೊನೆಯದಾಗಿ ಹಾಲು ಬತ್ತಿಸುವ ಮುನ್ನ, ಅಂದರೆ 220ನೇ ದಿನದ ಸುಮಾರಿಗೆ, ಕರು ಇನ್ನೂ ಒಳಗಿದೆ ಎಂಬುದನ್ನು ಖಚಿತಪಡಿಸಿಕೊಳ್ಳಿ. ಯಾರ ಕಣ್ಣಿಗೂ ಬೀಳದೆ ಕಂದು ಹಾಕಿದ ಹಸುವಿನ ಹಾಲನ್ನು ಬತ್ತಿಸಿ, ಬಾರದ ಕರುವಿಗಾಗಿ ಎರಡು ತಿಂಗಳು ಕಾದವರನ್ನು ನಾನು ಬಲ್ಲೆ.