ಪಾನ್ ಒಂದು ಪಾಯಿಂಟ್ ಅಂತ ಮಕ್ಕಳಿಗೆ ಕಲಿಸಬೇಡಿ

ಕಳೆದ ತಿಂಗಳು ದಾವಣಗೆರೆಯಲ್ಲಿ ಮಕ್ಕಳ ಚೆಸ್ ಟೂರ್ನಿ ಇತ್ತು. ಕಲ್ಯಾಣ ಮಂಟಪದ ಒಳಗೆ ಸಾಲಾಗಿ ಟೇಬಲ್‌ಗಳು, ಹೊರಗೆ ಬುತ್ತಿ ಹಿಡಿದುಕೊಂಡು ನಿಂತ ಅಪ್ಪ ಅಮ್ಮಂದಿರು. ಭಾನುವಾರ ನಮ್ಮ ಮನೆ ಜಗಲಿಗೆ ಆಡೋಕೆ ಬರುವ ಮಕ್ಕಳಲ್ಲಿ ನಾಲ್ಕು ಜನ ಆಡುತ್ತಿದ್ದರು. ನಾಲ್ಕನೇ ಸುತ್ತು ಮುಗಿಸಿ ಒಬ್ಬಳು ಹೊರಗೆ ಬಂದಳು. ಒಂಬತ್ತು ವರ್ಷದ ಹುಡುಗಿ. ಮುಖ ಸಪ್ಪಗಾಗಿತ್ತು. 'ಡ್ರಾ ಆಯ್ತು ಸರ್' ಅಂದಳು.

ಸ್ಕೋರ್‌ಶೀಟ್ ಇಸಕೊಂಡು ನೋಡಿದೆ. ಅವಳದ್ದು ಬಿಳಿ. ಕೊನೆಗೆ ಉಳಿದದ್ದು ಎರಡು ರಾಜರು ಮತ್ತು ಐದು ಪಾನ್, ಅಂದರೆ ನಮ್ಮ ಅಜ್ಜಂದಿರ ಕಾಲಾಳು. ಮನೆಯ ಹೆಸರಿನಲ್ಲಿ ಅಕ್ಷರ ಅಂದರೆ ಬಿಳಿಯ ಎಡದಿಂದ ಎಷ್ಟನೇ ಸಾಲು, ಅಂಕಿ ಅಂದರೆ ಬಿಳಿಯ ಕಡೆಯಿಂದ ಎಷ್ಟನೇ ಮನೆ. ಅವಳ ರಾಜ ಡಿ4ರಲ್ಲಿ. ಪಾನ್‌ಗಳು ಎ4, ಎಫ್4, ಜಿ3. ಎದುರಿನ ಹುಡುಗನ ರಾಜ ಡಿ6ರಲ್ಲಿ, ಪಾನ್‌ಗಳು ಎಫ್5, ಜಿ6. ಬೋರ್ಡ್ ಹತ್ತಿರ ಇದ್ದರೆ ಜೋಡಿಸಿ ನೋಡಿ. ಗೆಲ್ಲಬಹುದಾಗಿದ್ದ ಆಟ ಅದು.

ಇವಳು ಏನು ಮಾಡಿದ್ದಳು ಗೊತ್ತಾ? ರಾಜನನ್ನು ಎ4ರ ಪಾನ್ ಕಾಯೋಕೆ ಕಳಿಸಿದ್ದಳು. ಹುಡುಗನ ರಾಜ ಬಂದು ಎದುರು ನಿಂತ. ಇವಳು ಅತ್ತ ಇತ್ತ, ಅವನೂ ಅತ್ತ ಇತ್ತ. ಮೂರು ಸಲ ಅದೇ ಪೊಸಿಷನ್ ಬಂತು, ಡ್ರಾ.

'ಎ ಪಾನ್ ಬಿಟ್ಟು ಈ ಕಡೆ ಬರಬಹುದಿತ್ತಲ್ಲ ಪುಟ್ಟಿ?' ಅಂದೆ.

'ಬಿಟ್ರೆ ಒಂದು ಪಾಯಿಂಟ್ ಹೋಗುತ್ತಲ್ವಾ ಸರ್.'

ಅವಳದ್ದೇನೂ ತಪ್ಪಿಲ್ಲ. ಮೊದಲನೇ ದಿನ ನಾನೇ ಕೊಟ್ಟ ಹಾಳೆಯಲ್ಲಿ ಹಾಗೇ ಇದೆ. ಪಾನ್ 1, ಕುದುರೆ 3, ಒಂಟೆ 3, ಆನೆ 5, ಕ್ವೀನ್ 9. ಊರೂರಲ್ಲಿ ಚೆಸ್ ಕಲಿಸುವವರೆಲ್ಲ ಕೊಡುವ ಹಾಳೆ ಅದು. ಈ ಬರಹ ಬರೆಯೋಕೆ ಆ ಹಾಳೆಯೇ ಕಾರಣ. ಕುದುರೆ, ಒಂಟೆ, ಆನೆಗೆ ಆ ಲೆಕ್ಕ ಹೆಚ್ಚು ಕಮ್ಮಿ ನಡೆಯುತ್ತದೆ. ಪಾನ್‌ಗೆ ನಡೆಯೋದೇ ಇಲ್ಲ. ಪಾನ್‌ನ ಬೆಲೆ ಅದು ನಿಂತ ಮನೆಯಲ್ಲಿದೆ, ಅದರ ಮುಂದಿರುವ ದಾರಿಯಲ್ಲಿದೆ. ಅದರಲ್ಲೂ ಪಾಸ್ಡ್ ಪಾನ್ ಆದ ಮೇಲಂತೂ ಆ ಹಾಳೆಯನ್ನು ಮಡಚಿ ಇಡಬೇಕು.

ಚೆಸ್ ಆಡದವರಿಗೆ ಒಂದು ಮಾತು.  ಪಾನ್‌ನ ನೇರ ದಾರಿಯಲ್ಲಾಗಲಿ, ಎಡಬಲದ ಸಾಲುಗಳಲ್ಲಾಗಲಿ ಮುಂದೆ ತಡೆಯೋಕೆ ಎದುರಾಳಿಯ ಪಾನ್ ಒಂದೂ ಇಲ್ಲದಿದ್ದರೆ ಅದು ಪಾಸ್ಡ್ ಪಾನ್. ಇನ್ನು ಅದನ್ನು ತಡೆಯಬೇಕಾದರೆ ದೊಡ್ಡ ಕಾಯಿಗಳೇ ಕೆಲಸ ಬಿಟ್ಟು ಬರಬೇಕು.

ಅಲ್ಲೇ ಟೇಬಲ್ ಮೂಲೆಯಲ್ಲಿ ಅವಳಿಗೆ ಜೋಡಿಸಿ ತೋರಿಸಿದೆ. ಎ5ಕ್ಕೆ ತಳ್ಳು. ಹುಡುಗನ ರಾಜ ಅದರ ಹಿಂದೆ ಓಡಲೇಬೇಕು, ಇಲ್ಲದಿದ್ದರೆ ಅದು ಕೊನೆಯ ಸಾಲು ಮುಟ್ಟಿ ಕ್ವೀನ್ ಆಗುತ್ತದೆ. ಅವನು ಸಿ6, ಬಿ5, ಆಮೇಲೆ ಎ5ರಲ್ಲಿ ಪಾನ್ ಹೊಡೆಯಬೇಕು. ಅಷ್ಟರಲ್ಲಿ ನಿನ್ನ ರಾಜ ಇ5, ಎಫ್6 ದಾಟಿ ಜಿ6ರ ಪಾನ್ ಪಕ್ಕ ನಿಂತಿರುತ್ತಾನೆ. ಅದನ್ನು ಹೊಡಿ, ಎಫ್5ನ್ನೂ ಹೊಡಿ. ನಿನ್ನ ಎರಡು ಪಾನ್ ಜೋಡಿಯಾಗಿ ಹೊರಡುತ್ತವೆ. ಅವನ ರಾಜ ಬೋರ್ಡಿನ ಆ ತುದಿಯಲ್ಲಿ ಎ ಪಾನ್ ತಿಂದು ಕೂತಿರುತ್ತಾನೆ.

ಅವಳು ಏನೂ ಮಾತಾಡಲಿಲ್ಲ. ಕಾಯಿಗಳನ್ನು ಮತ್ತೆ ಮೊದಲಿನ ಜಾಗಕ್ಕೆ ಇಟ್ಟು, ಎರಡೂ ಕಡೆ ತಾನೇ ಆಡಿ ನೋಡಿದಳು. ಎರಡು ಸಲ.

ಪಾಸ್ಡ್ ಪಾನ್ ಅಂದ ಕೂಡಲೇ ಎಲ್ಲರೂ ಅದು ಕ್ವೀನ್ ಆಗುವುದನ್ನೇ ನೆನೆಸುತ್ತಾರೆ. ನಿಜವಾದ ಶಕ್ತಿ ಅದಕ್ಕೂ ಮುಂಚೆಯೇ ಶುರುವಾಗುತ್ತದೆ. ಅದು ನಿಂತಲ್ಲೇ ನಿಂತು ಎದುರಾಳಿಯ ಕಾಯಿಗಳನ್ನು ಕಾವಲಿಗೆ ಕೂರಿಸುತ್ತದೆ. ಅದರ ಮುಂದೆ ಆನೆ ನಿಲ್ಲಿಸಿದರೆ ಆ ಆನೆ ಬೇರೆ ಕೆಲಸಕ್ಕೆ ಬರುವುದಿಲ್ಲ. ಕ್ವೀನ್ ನಿಲ್ಲಿಸಿದರೆ ಇನ್ನೂ ಕಷ್ಟ. ಯಾವ ಸಣ್ಣ ಕಾಯಿ ಬಂದು ಮುಟ್ಟಿದರೂ ಕ್ವೀನ್ ಏಳಬೇಕು. ಇದಕ್ಕೆ ಸರಿಯಾದ ಕಾವಲುಗಾರ ಕುದುರೆ. ಪಾನ್ ಮುಂದೆ ಕೂತುಕೊಂಡೇ ಸುತ್ತಲಿನ ಎಂಟು ಮನೆಗಳ ಮೇಲೆ ಕಣ್ಣಿಟ್ಟಿರುತ್ತದೆ, ಅಕ್ಕಪಕ್ಕ ಗೋಡೆ ಕಟ್ಟಿದರೂ ಅದಕ್ಕೆ ಲೆಕ್ಕಕ್ಕಿಲ್ಲ. ಮಕ್ಕಳಿಗೆ ಇದನ್ನು ಹೇಳಿಕೊಟ್ಟ ದಿನ ಅವರು ಕುದುರೆಯನ್ನು ಬೇರೆಯೇ ಕಣ್ಣಿನಿಂದ ನೋಡೋಕೆ ಶುರು ಮಾಡುತ್ತಾರೆ. ನಿಮ್ಮ ಆನೆ ನಿಮ್ಮ ಪಾಸ್ಡ್ ಪಾನ್‌ನ ಹಿಂದಿರಬೇಕು ಅನ್ನುವುದೂ ಇದೇ ಜಾತಿಯ ಮಾತು. ಪಾನ್ ಒಂದೊಂದು ಹೆಜ್ಜೆ ಮುಂದೆ ಹೋದಂತೆ ಹಿಂದಿನ ಆನೆಗೆ ಜಾಗ ಜಾಸ್ತಿ ಆಗುತ್ತದೆ. ಮುಂದೆ ನಿಂತರೆ ಕಮ್ಮಿ ಆಗುತ್ತದೆ.

ಇದನ್ನೆಲ್ಲ ಯೋಚಿಸುವಾಗ ನನಗೆ ತಪ್ಪದೆ ನೆನಪಾಗುವುದು ಚೆನ್ನೈ. 2013ರ ನವೆಂಬರ್, ವಿಶ್ವ ಚಾಂಪಿಯನ್‌ಶಿಪ್, ಒಂಬತ್ತನೇ ಆಟ. ನಾರ್ವೆಯ ಮ್ಯಾಗ್ನಸ್ ಕಾರ್ಲ್‌ಸನ್ 5-3ರಲ್ಲಿ ಮುಂದಿದ್ದ. ಆಗಿನ ಚಾಂಪಿಯನ್ ವಿಶ್ವನಾಥನ್ ಆನಂದ್ ಗೆಲ್ಲಲೇಬೇಕಿತ್ತು. ಬಿಳಿ ಕಾಯಿ, ಮೊದಲಿನಿಂದಲೇ ರಾಜನ ಮೇಲೆ ದಾಳಿ. ಒಂದು ಕಡೆ ಆನಂದ್ ಅವರ ಪಾನ್‌ಗಳು ಬೇಲಿ ಮುರಿದುಕೊಂಡು ನುಗ್ಗುತ್ತಿದ್ದವು. ಇನ್ನೊಂದು ಕಡೆ ಕಾರ್ಲ್‌ಸನ್‌ನ ಒಂದು ಪಾನ್ ಸದ್ದಿಲ್ಲದೆ ನಡೆಯುತ್ತಿತ್ತು.

ಆ ಪಾನ್ ಹೊರಟದ್ದು ಎ7ರಿಂದ. 14ನೇ ನಡೆಯಲ್ಲಿ ಎ5ಕ್ಕೆ ಬಂತು. ಅದರ ಪಕ್ಕದ ಬಿ ಪಾನ್ ಮುಂದೆ ಹೋಗಿ ಬಿ4ರಲ್ಲಿ ಸತ್ತಿತು. 20ನೇ ನಡೆಯಲ್ಲಿ ಈ ಪಾನ್ ಅದೇ ಬಿ4ರಲ್ಲಿ ಹೊಡೆದು ಅದರ ಜಾಗಕ್ಕೆ ಬಂತು. 22ರಲ್ಲಿ ಬಿ3. ಈಗ ಅದನ್ನು ತಡೆಯೋಕೆ ಬಿಳಿ ಪಾನ್ ಯಾವುದೂ ಇಲ್ಲ. ಅತ್ತ ಆನಂದ್ ಅವರ ಕ್ವೀನ್ ಎಚ್6ಕ್ಕೆ ಬಂದು ಕೂತಿತ್ತು. ಆನೆ ಎಚ್4ಕ್ಕೆ ಬಂದರೆ ಅದರ ಮುಂದಿನ ನಡೆಯಲ್ಲೇ ಮೇಟ್. 26ರಲ್ಲಿ ಪಾನ್ ಬಿ2. ಆನಂದ್ ಆನೆಯನ್ನು ಎಫ್4ಕ್ಕೆ ತಂದರು, ಇನ್ನೊಂದೇ ನಡೆ. 27ರಲ್ಲಿ ಪಾನ್ ಬಿ1 ಮುಟ್ಟಿತು. ಕ್ವೀನ್, ಅದೂ ಚೆಕ್ ಕೊಟ್ಟುಕೊಂಡು.

ಆನಂದ್ ಒಂಟೆಯನ್ನು ಅಡ್ಡ ಇಟ್ಟಿದ್ದರೆ ಆಟ ಮುಂದುವರಿಯುತ್ತಿತ್ತು. ಕುದುರೆ ಇಟ್ಟರು. ಕಾರ್ಲ್‌ಸನ್ ಹೊಸ ಕ್ವೀನನ್ನು ಇ1ಕ್ಕೆ ಇಟ್ಟ. ಅಲ್ಲಿಂದ ಎಚ್4ರ ಮನೆ ನೇರ ಕಾಣುತ್ತದೆ. ಆನೆ ಅಲ್ಲಿಗೆ ಬಂದರೆ ಕ್ವೀನ್ ಹೊಡೆಯುತ್ತದೆ. ಆನಂದ್ ಸೋಲೊಪ್ಪಿಕೊಂಡರು. ಮರುದಿನದ ಡ್ರಾದೊಂದಿಗೆ ಕಾರ್ಲ್‌ಸನ್ ಚಾಂಪಿಯನ್. ಆ ದಿನ ಟೀವಿ ಮುಂದೆ ಕೂತಿದ್ದ ನಮಗೆಲ್ಲ ಹೊಟ್ಟೆಯಲ್ಲಿ ಏನೋ ಹಿಂಡಿದ ಹಾಗಾಗಿತ್ತು. ಇವತ್ತಿಗೂ ಆ ಆಟ ಜೋಡಿಸಿದರೆ ನನಗೆ ಬೇಜಾರಾಗುತ್ತದೆ. ಆದರೂ ಜೋಡಿಸುತ್ತೇನೆ. 28 ನಡೆಗಳ ಆಟದಲ್ಲಿ ಆ ಪಾನ್ ಇಟ್ಟದ್ದು ಐದೇ ಹೆಜ್ಜೆ. ಹಾಳೆಯ ಲೆಕ್ಕದಲ್ಲಿ ಅದು ಒಂದು ಪಾಯಿಂಟ್.

ಇದು ಹೊಸ ವಿಷಯ ಅಲ್ಲ. 1834ರಲ್ಲಿ ಲಂಡನ್ನಿನಲ್ಲಿ ಫ್ರಾನ್ಸಿನ ಲಾ ಬೂರ್ಡೊನೆ ಮತ್ತು ಐರ್ಲೆಂಡಿನ ಮ್ಯಾಕ್‌ಡೊನೆಲ್ ಸಾಲಾಗಿ ಪಂದ್ಯ ಆಡಿದರು. ಅದರಲ್ಲಿ ಒಂದು ಆಟದ ಕೊನೆಯ ಚಿತ್ರ ಮಕ್ಕಳಿಗೆ ತೋರಿಸಿದರೆ ಅವರು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಕಪ್ಪಿನ ಮೂರು ಪಾನ್‌ಗಳು ಡಿ2, ಇ2, ಎಫ್2ರಲ್ಲಿ ಭುಜಕ್ಕೆ ಭುಜ ಕೊಟ್ಟು ನಿಂತಿವೆ. ಇನ್ನೊಂದೇ ಹೆಜ್ಜೆ. ಬಿಳಿ ಆಡುತ್ತಿದ್ದ ಮ್ಯಾಕ್‌ಡೊನೆಲ್ ಅಲ್ಲಿಗೆ ಕೈ ಎತ್ತಿದ. 1972ರಲ್ಲಿ ರೇಕ್ಯಾವಿಕ್‌ನಲ್ಲಿ ಫಿಷರ್ ಮತ್ತು ಸ್ಪಾಸ್ಕಿ ಆಡಿದ ವಿಶ್ವ ಚಾಂಪಿಯನ್‌ಶಿಪ್‌ನ 13ನೇ ಆಟ ಇನ್ನೊಂದು. ಫಿಷರ್‌ನ ಆನೆ ಜಿ8ರಲ್ಲಿ ಸಿಕ್ಕಿಹಾಕಿಕೊಂಡು ಅಲ್ಲಾಡುವ ಹಾಗೇ ಇರಲಿಲ್ಲ. ಅವನ ಐದು ಪಾಸ್ಡ್ ಪಾನ್‌ಗಳ ಎದುರು ಸ್ಪಾಸ್ಕಿಯ ಆನೆ ಅಲ್ಲಿಂದ ಇಲ್ಲಿಗೆ ಓಡಾಡಿ ಕೊನೆಗೆ ಸೋತಿತು. ಜೋಡಿ ಪಾಸ್ಡ್ ಪಾನ್‌ಗಳು ಆರನೇ ಸಾಲು ಮುಟ್ಟಿದರೆ ಒಂಟಿ ಆನೆಗೆ ಸಾಮಾನ್ಯವಾಗಿ ತಡೆಯೋಕಾಗಲ್ಲ ಅಂತ ಅನುಭವಿಗಳು ಹೇಳುತ್ತಾರೆ. ಹಾಳೆಯ ಪ್ರಕಾರ ಅದು ಎರಡಕ್ಕೆ ಐದು!

ನಮ್ಮ ಅಜ್ಜ ಆಡುತ್ತಿದ್ದ ಚದುರಂಗದಲ್ಲಿ ಕಾಲಾಳು ಕೊನೆ ಮುಟ್ಟಿದರೆ ಬೇಕಾದ ಕಾಯಿ ಸಿಗುತ್ತಿರಲಿಲ್ಲ. ಕುದುರೆ ಮನೆ ಮುಟ್ಟಿದರೆ ಕುದುರೆ, ಆನೆ ಮನೆ ಮುಟ್ಟಿದರೆ ಆನೆ. ಮೊದಲನೇ ನಡೆಯಲ್ಲಿ ಎರಡು ಮನೆ ಹಾರುವುದೂ ಇರಲಿಲ್ಲ. ಹಾಗಾಗಿ ಯಾವ ಕಾಲಾಳು ಯಾವ ಮನೆಗೆ ಹೋಗಬೇಕು ಅಂತ ಅಜ್ಜ ಆಟದ ಮಧ್ಯದಲ್ಲೇ ಲೆಕ್ಕ ಹಾಕುತ್ತಿದ್ದರು. ಒಂದೊಂದು ಕಾಲಾಳು ಸತ್ತಾಗಲೂ 'ಛೆ' ಅನ್ನುತ್ತಿದ್ದರು. ನಾನು ಸುಮ್ನೆ ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ಆಗ ಯಾವ ಹಾಳೆಯೂ ಇರಲಿಲ್ಲ.

ಈಗ ಅಪ್ಪ ಅಮ್ಮಂದಿರು ಫೋನ್ ಮಾಡಿ ಕೇಳುವುದು ಓಪನಿಂಗ್, ಅಂದರೆ ಆಟ ಶುರು ಮಾಡುವ ನಡೆಗಳ ಬಗ್ಗೆ. ಸಿಸಿಲಿಯನ್ ಹೇಳಿಕೊಡ್ತೀರಾ, ಲಂಡನ್ ಸಿಸ್ಟಮ್ ಹೇಳಿಕೊಡ್ತೀರಾ. ಮಗುವಿನ ರೇಟಿಂಗ್ ಬೇಗ ಬರಬೇಕು ಅನ್ನುವ ಆಸೆ ನನಗೆ ಅರ್ಥ ಆಗುತ್ತದೆ. ಆದರೆ ನಾನು ನೋಡಿದ ಮಕ್ಕಳ ಟೂರ್ನಿಗಳಲ್ಲಿ ಗೆಲ್ಲುವ ಆಟ ಕೈ ತಪ್ಪುವುದು ಜಾಸ್ತಿ ಕೊನೆಯಲ್ಲಿ, ನಾಲ್ಕೈದು ಪಾನ್ ಉಳಿದಾಗ. ದೊಡ್ಡವರ ಆಟವೂ ಅಲ್ಲಿಗೇ ಬಂದು ನಿಲ್ಲುತ್ತದೆ. 2024ರ ಡಿಸೆಂಬರ್ 12ರಂದು ಸಿಂಗಾಪುರದಲ್ಲಿ ವಿಶ್ವ ಚಾಂಪಿಯನ್‌ಶಿಪ್‌ನ ಕೊನೆಯ ಆಟದಲ್ಲಿ ಆಗಿನ ಚಾಂಪಿಯನ್ ಡಿಂಗ್ ಲಿರೆನ್ 55ನೇ ನಡೆಯಲ್ಲಿ ಆನೆಯನ್ನು ತಪ್ಪಾಗಿ ಎಫ್2ಕ್ಕೆ ಇಟ್ಟರು. ನಮ್ಮ ಗುಕೇಶ್ ಆನೆಗೆ ಆನೆ, ಒಂಟೆಗೆ ಒಂಟೆ ಬದಲಾಯಿಸಿದರು. ಉಳಿದದ್ದು ರಾಜರು ಮತ್ತು ಪಾನ್‌ಗಳು. ಗುಕೇಶ್ ಹತ್ತಿರ ಒಂದು ಪಾನ್ ಜಾಸ್ತಿ ಇತ್ತು. 18 ವರ್ಷದ ಹುಡುಗ ವಿಶ್ವ ಚಾಂಪಿಯನ್ ಆಗೋಕೆ ಅಷ್ಟು ಸಾಕಾಯಿತು.

ಹಾಗಾಗಿ ನಾನು ಆ ಹಾಳೆ ಕೊಡುವುದನ್ನು ನಿಲ್ಲಿಸಿದ್ದೇನೆ. ಹೊಸ ಮಗು ಬಂದರೆ ಮೊದಲ ನಾಲ್ಕು ಭಾನುವಾರ ಬೋರ್ಡ್ ಮೇಲೆ ರಾಜರು ಮತ್ತು ಎಂಟೆಂಟು ಪಾನ್ ಮಾತ್ರ. ಯಾರ ಪಾನ್ ಮೊದಲು ಕೊನೆ ಮುಟ್ಟುತ್ತದೋ ಅವರು ಗೆದ್ದ ಹಾಗೆ. ಓಡುವ ಪಾನನ್ನು ರಾಜ ಹಿಡಿಯಬಹುದಾ ಅಂತ ನೋಡೋಕೆ ಚೌಕದ ಲೆಕ್ಕ ಹೇಳಿಕೊಡುತ್ತೇನೆ. ಪಾನ್‌ನಿಂದ ಕೊನೆಯ ಮನೆವರೆಗೆ, ಪಾನ್ ನಿಂತ ಮನೆಯೂ ಸೇರಿ, ಎಷ್ಟು ಮನೆಯೋ ಅಷ್ಟೇ ಅಗಲದ ಚೌಕ ಮನಸ್ಸಿನಲ್ಲಿ ಬರೆದುಕೋ. ರಾಜ ಅದರೊಳಗೆ ಕಾಲಿಡೋಕಾದರೆ ಹಿಡಿಯುತ್ತಾನೆ, ಇಲ್ಲದಿದ್ದರೆ ಇಲ್ಲ. ಮಕ್ಕಳು ಬೆರಳಿಟ್ಟು ಎಣಿಸುತ್ತಾರೆ. ಎಣಿಸಲಿ.

ಆ ಹುಡುಗಿ ಮೊನ್ನೆ ಭಾನುವಾರ ತನಗಿಂತ ದೊಡ್ಡ ಹುಡುಗನ ಜೊತೆ ಆಡುತ್ತಿದ್ದಳು. ಈ ಸಲ ಎಚ್ ಪಾನ್ ದೂರದಲ್ಲಿತ್ತು. ಅದನ್ನು ತಳ್ಳಿ, ತಿರುಗಿಯೂ ನೋಡದೆ ರಾಜನನ್ನು ಇನ್ನೊಂದು ಕಡೆ ಓಡಿಸಿದಳು. ಎಣಿಕೆ ಒಂದು ಮನೆ ತಪ್ಪಿತ್ತು. ನಡೆ ಯಾರದು ಅನ್ನುವುದನ್ನು ಮರೆತಿದ್ದಳು. ಸೋತಳು. ಅತ್ತಾಳೇನೋ ಅಂದುಕೊಂಡೆ. ಅಳಲಿಲ್ಲ. 'ಸರ್, ನಡೆ ನಂದಾಗಿದ್ರೆ ಗೆಲ್ತಿದ್ನಾ?' ಅಂತ ಕೇಳಿ, ನಾನು ಉತ್ತರ ಕೊಡುವ ಮೊದಲೇ ಕಾಯಿಗಳನ್ನು ಮತ್ತೆ ಜೋಡಿಸತೊಡಗಿದಳು.